ಲಾರಿ ಲೀಸ್‌ಗೋ, ಕಂಪನಿಯ ಸಂಬಳಕ್ಕೋ: ಹಾಸನದ ಚಾಲಕರು ಸಹಿ ಹಾಕುವ ಮುನ್ನ

ಹತ್ತು ಹದಿನೈದು ವರ್ಷ ಬೇರೆಯವರ ಲಾರಿ ಓಡಿಸಿದ ಚಾಲಕನ ಮುಂದೆ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ. ಮಾಲೀಕನೇ ಕರೆದು ಹೇಳುತ್ತಾನೆ: "ಲಾರಿ ನೀನೇ ಇಟ್ಟುಕೊಂಡು ಓಡಿಸು. ತಿಂಗಳಿಗೆ ಇಷ್ಟು ಅಂತ ನನಗೆ ಕೊಡು, ಮಿಕ್ಕಿದ್ದೆಲ್ಲ ನಿನ್ನದು." ಸಂಬಳ ಮತ್ತು ಬಾಟಾದಲ್ಲಿ (ಓಡಿದ ದಿನದ ಭತ್ಯೆ) ಮನೆ ನಡೆಸುತ್ತಿದ್ದವನಿಗೆ ಆ ಕೊನೆಯ ಮಾತೇ ಕಿವಿಯಲ್ಲಿ ಉಳಿಯುತ್ತದೆ. ಸಾಗಣೆ ಬಾಡಿಗೆ ಎಷ್ಟು ಬರುತ್ತದೆ ಎಂಬುದು ಅವನಿಗೆ ಗೊತ್ತು, ಏಕೆಂದರೆ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಹಣ ಎಣಿಸಿಕೊಂಡು ಬರುತ್ತಿದ್ದವನು ಅವನೇ. ಖರ್ಚಿನ ಪುಸ್ತಕ ಮಾತ್ರ ಅವನ ಕೈಗೆ ಎಂದೂ ಬಂದಿರುವುದಿಲ್ಲ.

ಹಾಸನದಲ್ಲಿ ಲಾರಿ ಮಾಲೀಕರ ಆ ಖರ್ಚಿನ ಪುಸ್ತಕಗಳನ್ನು ಬರೆಯುವುದು ನನ್ನ ಉದ್ಯೋಗ. ಚಾಲಕರು ಕರಾರು ಪತ್ರ ತಂದು "ಅಣ್ಣಾ, ಇದನ್ನು ಒಮ್ಮೆ ಓದಿ ಹೇಳಿ" ಎಂದಾಗ ಓದಿಯೂ ಹೇಳುತ್ತೇನೆ. ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಖಾಯಂ ಲೋಡ್ ಇಲ್ಲದೆ, ಆರ್‌ಸಿಯಲ್ಲಿ (ಲಾರಿಯ ನೋಂದಣಿ ಪತ್ರ) ಹೆಸರಿಲ್ಲದೆ, ತಿಂಗಳಿಗೆ ಇಂತಿಷ್ಟು ಎಂಬ ನಿಗದಿತ ಬಾಡಿಗೆಗೆ ಲಾರಿ ಹಿಡಿಯುವುದಕ್ಕಿಂತ ಪಿಎಫ್ ಕಟ್ಟುವ ಕಂಪನಿಯಲ್ಲಿ ದುಡಿಯುವುದು ಮೇಲು. ಲೀಸ್‌ನಿಂದ ಚೆನ್ನಾಗಿ ಬದುಕು ಕಟ್ಟಿಕೊಂಡವರೂ ಇದ್ದಾರೆ. ಅವರಿಗೆ ಅದು ಏಕೆ ಒದಗಿತು ಎಂಬುದನ್ನು ಮುಂದೆ ನೋಡೋಣ.

ಲೀಸ್ ಎಂದರೆ ಯಾವ ಲೀಸ್?

ನಮ್ಮಲ್ಲಿ ಮೂರು ಬೇರೆ ಬೇರೆ ವ್ಯವಹಾರಗಳು ಈ ಒಂದೇ ಹೆಸರಿನಲ್ಲಿ ನಡೆಯುತ್ತವೆ. ಮೊದಲನೆಯದು ನಿಗದಿತ ಬಾಡಿಗೆ: ಲಾರಿ ಓಡಲಿ, ನಿಲ್ಲಲಿ, ತಿಂಗಳ ಐದನೇ ತಾರೀಕಿಗೆ ಮಾಲೀಕನಿಗೆ ಹಣ ಹೋಗಬೇಕು. ಎರಡನೆಯದು ಪಾಲು: ಟ್ರಿಪ್ಪಿನ ಬಾಡಿಗೆಯಲ್ಲಿ ಡೀಸೆಲ್, ಟೋಲ್ ಕಳೆದು ಉಳಿದದ್ದನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಮೂರನೆಯದರಲ್ಲಿ ಮಾಲೀಕನ ಹೆಸರಿನಲ್ಲಿರುವ ಸಾಲದ ಕಂತನ್ನು ಚಾಲಕ ಕಟ್ಟಿಕೊಂಡು ಹೋಗುತ್ತಾನೆ, ಸಾಲ ತೀರಿದ ದಿನ ಲಾರಿ ಅವನದಾಗುತ್ತದೆ ಎಂಬ ಮಾತಾಗಿರುತ್ತದೆ.

ಮೂರರಲ್ಲಿ ಪಾಲಿನ ವ್ಯವಹಾರವೇ ನ್ಯಾಯವಾದದ್ದು. ಚಕ್ರ ನಿಂತರೆ ಇಬ್ಬರಿಗೂ ನಷ್ಟ, ಓಡಿದರೆ ಇಬ್ಬರಿಗೂ ಲಾಭ. ಮೂರನೆಯದು ಕೇಳಲು ಎಲ್ಲಕ್ಕಿಂತ ಸಿಹಿ, ಕಟ್ಟಿಕೊಳ್ಳಲು ಎಲ್ಲಕ್ಕಿಂತ ಅಪಾಯ. ಸಾಲ ಇರುವುದು ಮಾಲೀಕನ ಹೆಸರಿನಲ್ಲಿ, ಆರ್‌ಸಿಯಲ್ಲಿ ಅಡಮಾನ ನಮೂದಾಗಿರುವುದು ಫೈನಾನ್ಸ್ ಸಂಸ್ಥೆಯ ಹೆಸರಿಗೆ. ನೀವು ಕೊಟ್ಟ ಹಣವನ್ನು ಮಾಲೀಕ ಮಗಳ ಮದುವೆಗೋ ಬೇರೆ ಸಾಲಕ್ಕೋ ಬಳಸಿ ಕಂತು ತಪ್ಪಿಸಿದರೆ, ಜಪ್ತಿ ಮಾಡಲು ಬರುವವರು ನಿಮ್ಮ ಸ್ಟಾಂಪ್ ಪೇಪರ್ ನೋಡುವುದಿಲ್ಲ. ಅಡಮಾನ ಇರುವ ವಾಹನದ ಒಡೆತನ ಬದಲಾಗಬೇಕಾದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು ಎಂದು ಮೋಟಾರು ವಾಹನ ಕಾಯ್ದೆಯ 51ನೇ ಕಲಮು ಹೇಳುತ್ತದೆ. ಆದ್ದರಿಂದ ಇಂಥ ಮಾತುಕತೆಗೆ ಕುಳಿತರೆ ಫೈನಾನ್ಸ್ ಸಂಸ್ಥೆಯ ಕಚೇರಿಯಲ್ಲೇ ಕುಳಿತುಕೊಳ್ಳಿ. ಸಾಲವನ್ನೇ ನಿಮ್ಮ ಹೆಸರಿಗೆ ವರ್ಗಾಯಿಸಲು ಅವರು ಒಪ್ಪುತ್ತಾರೆಯೇ ಎಂದು ಕೇಳಿ. ಒಪ್ಪದಿದ್ದರೆ ಕಂತನ್ನು ಮಾಲೀಕನ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೇ ಕಟ್ಟಿ, ಪ್ರತಿ ತಿಂಗಳ ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಮಾಲೀಕ ಹಿಂಜರಿದರೆ ಎದ್ದು ಬನ್ನಿ.

ಹತ್ತು ಚಕ್ರದ ಲಾರಿಯ ಒಂದು ತಿಂಗಳು

ಈಗ ಲೆಕ್ಕ. ಇಲ್ಲಿ ಕೊಡುವ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಸುತ್ತು ಅಂಕಿಗಳು. ನಿಮ್ಮ ಲಾರಿಯ, ನಿಮ್ಮ ದಾರಿಯ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಿ.

ತಿಂಗಳಿಗೆ 6,000 ಕಿಲೋಮೀಟರ್ ಓಡಿತು ಎನ್ನೋಣ. ಲೀಟರಿಗೆ 4 ಕಿ.ಮೀ. ಕೊಟ್ಟರೆ 1,500 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯಂತೆ 1,35,000. ಟೋಲ್ 25,000. ಹೊಸ ಮಾಲಿನ್ಯ ನಿಯಮದ ಬಿಎಸ್‌6 ಲಾರಿಯಾದರೆ ಹೊಗೆ ಶುದ್ಧ ಮಾಡುವ ಡಿಇಎಫ್ ದ್ರಾವಣಕ್ಕೆ 4,500. ಟಯರ್ ಸವೆತ ಕಿಲೋಮೀಟರಿಗೆ ಎರಡೂವರೆ ರೂಪಾಯಿಯಂತೆ 15,000. ಬ್ರೋಕರ್ ಕಮಿಷನ್, ಹಮಾಲಿ, ಪಾರ್ಕಿಂಗ್ ಇತ್ಯಾದಿಗೆ 12,000. ಓಡಿದಷ್ಟೂ ಏರುವ ಈ ಖರ್ಚುಗಳ ಮೊತ್ತ 1,91,500. ಇನ್ನು ಓಡದಿದ್ದರೂ ಇರುವವು: ಸರ್ವೀಸು, ಗ್ರೀಸು, ಸಣ್ಣಪುಟ್ಟ ರಿಪೇರಿಗೆ 8,000, ಕ್ಲೀನರ್ ಮತ್ತು ದಾರಿಯ ಊಟಕ್ಕೆ 12,000, ಮಾಲೀಕನ ಲೀಸ್ ಬಾಡಿಗೆ 50,000. ಒಟ್ಟು ಖರ್ಚು 2,61,500.

ಆದಾಯದ ಕಡೆ, ಐದರಲ್ಲಿ ಒಂದು ಭಾಗ ಖಾಲಿ ಓಡಿತು, ಉಳಿದ 4,800 ಕಿ.ಮೀ.ಗೆ ಸರಾಸರಿ 60 ರೂಪಾಯಿ ಸಿಕ್ಕಿತು ಎಂದರೆ 2,88,000. ನಿಮ್ಮ ಕೈಗೆ ಉಳಿದದ್ದು 26,500.

ಅದೇ ಚಾಲಕ ಕಂಪನಿಯಲ್ಲಿ 18,000 ಸಂಬಳ, ದಿನಕ್ಕೆ 400ರಂತೆ 25 ದಿನದ ಬಾಟಾ 10,000 ಪಡೆದರೆ 28,000 ಆಯಿತು. ಬಾಟಾದಲ್ಲಿ ಒಂದಿಷ್ಟು ದಾರಿಯ ಊಟಕ್ಕೇ ಹೋಗುತ್ತದೆ, ಒಪ್ಪುತ್ತೇನೆ. ಅಂದರೆ ಸಾಧಾರಣ ತಿಂಗಳಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಾಣುವುದು ಸಾಧಾರಣವಲ್ಲದ ತಿಂಗಳುಗಳಲ್ಲಿ. ಸುಗ್ಗಿಯಲ್ಲಿ 7,500 ಕಿ.ಮೀ. ಓಡಿದರೆ ಅದೇ ಲೆಕ್ಕದಲ್ಲಿ ಲೀಸ್‌ದಾರನಿಗೆ 50,625 ಉಳಿಯುತ್ತದೆ. ಕಂಪನಿಯ ಚಾಲಕನಿಗೆ ಆ ಹಣ ಕನಸು. ಆದರೆ ಒಂದೇ ಒಂದು ವಾರ ಲಾರಿ ನಿಂತು 4,500 ಕಿ.ಮೀ.ಗೆ ಇಳಿದರೆ ಉಳಿಯುವುದು 2,375 ರೂಪಾಯಿ. ಎರಡು ವಾರ ನಿಂತರೆ ಕೈಯಿಂದ 21,750 ಹಾಕಿ ಮಾಲೀಕನ ಬಾಡಿಗೆ ತುಂಬಬೇಕು. ಮನೆ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಡೀಸೆಲ್ ಬೆಲೆಯೂ ನಿಮ್ಮ ತಲೆಗೇ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 18.44ರಿಂದ 21.17 ಶೇಕಡಕ್ಕೆ ಏರಿಸಿದಾಗ ಲೀಟರಿಗೆ ಎರಡು ರೂಪಾಯಿ ಹೆಚ್ಚಿತು. ಮೇಲಿನ ಲೆಕ್ಕದಲ್ಲಿ ಅದು ತಿಂಗಳಿಗೆ 3,000 ರೂಪಾಯಿ. ಸಂಬಳದ ಚಾಲಕನಿಗೆ ಅದು ಪತ್ರಿಕೆಯ ಸುದ್ದಿ ಮಾತ್ರ. ಲೀಸ್‌ದಾರ ಆ ಹಣವನ್ನು ಸಾಗಣೆ ಬಾಡಿಗೆಯಲ್ಲಿ ಕೇಳಿ ಪಡೆಯಬೇಕು, ಬ್ರೋಕರ್ ಕೊಡದಿದ್ದರೆ ಮನೆಯ ದಿನಸಿಯಲ್ಲಿ ಕಳೆಯಬೇಕು.

ಘಾಟಿ ಮುಚ್ಚಿದ ತಿಂಗಳು

ಬೇರೆ ಜಿಲ್ಲೆಯವರಿಗಿಂತ ನಾವು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಹಾಸನದ ಲಾರಿಗಳ ಜೀವನಾಡಿ ರಾಷ್ಟ್ರೀಯ ಹೆದ್ದಾರಿ 75. ಅದರಲ್ಲಿ ಸಕಲೇಶಪುರದಿಂದ ಗುಂಡ್ಯದವರೆಗಿನ ಶಿರಾಡಿ ಘಾಟಿ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತದೋ ಹೇಳಲಾಗದು. 2018ರಲ್ಲಿ ಕಾಂಕ್ರೀಟ್ ಕಾಮಗಾರಿಗೆಂದು ವರ್ಷದ ಮೊದಲರ್ಧ ಘಾಟಿ ಮುಚ್ಚಿತ್ತು. ತೆರೆದು ಒಂದೆರಡು ತಿಂಗಳಾಗುವುದರೊಳಗೆ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಭಾರೀ ವಾಹನಗಳು ಮತ್ತೆ ನಿಂತವು. 2024ರ ಜುಲೈನಲ್ಲಿ ಸಕಲೇಶಪುರದ ಆಚೆ ದೊಡ್ಡತಪ್ಪಲು ಬಳಿ ಮಣ್ಣು ಕುಸಿದಾಗಲೂ ಅದೇ ಕಥೆ. ಚಿಕ್ಕಮಗಳೂರಿನ ಕಡೆಯವರು ಚಾರ್ಮಾಡಿ ಘಾಟಿಯನ್ನು ನೆಚ್ಚುವಂತೆಯೂ ಇಲ್ಲ. 2019ರ ಆಗಸ್ಟ್ ಕುಸಿತದ ನಂತರ ಅಲ್ಲಿ ಭಾರೀ ಲಾರಿಗಳಿಗೆ ನಿರ್ಬಂಧ ಬಂತು. ಸುತ್ತು ಬಳಸಿ ಮಡಿಕೇರಿ, ಸಂಪಾಜೆ ಕಡೆಯಿಂದ ಇಳಿದರೆ ಡೀಸೆಲ್ ಮತ್ತು ಸಮಯ ಎರಡೂ ಹೆಚ್ಚು, ಸಾಗಣೆ ಬಾಡಿಗೆ ಮಾತ್ರ ಅಷ್ಟೇ.

ಘಾಟಿ ಮುಚ್ಚಿದ ದಿನಗಳಲ್ಲಿ ಸಂಬಳದ ಚಾಲಕನಿಗೆ ಬಾಟಾ ಹೋಗುತ್ತದೆ, ಸಂಬಳ ಉಳಿಯುತ್ತದೆ. ಲೀಸ್‌ದಾರನಿಗೆ ಬಾಡಿಗೆ ಕಟ್ಟುವ ದಿನಾಂಕ ಮಾತ್ರ ಉಳಿಯುತ್ತದೆ. ಹೀಗಾಗಿ ಮಂಗಳೂರು ಬಂದರಿನ ಕಡೆಯೇ ಓಡುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ ಬೇರೆಯೇ ಲೀಸ್ ಬಾಡಿಗೆಯನ್ನು ಕರಾರಿನಲ್ಲಿ ಬರೆಸಬೇಕು. "ಸರ್ಕಾರದ ಆದೇಶದಿಂದ ರಸ್ತೆ ಮುಚ್ಚಿದ ದಿನಗಳಿಗೆ ಬಾಡಿಗೆ ಇಲ್ಲ" ಎಂಬ ಒಂದು ಸಾಲನ್ನು ಒಪ್ಪುವ ಮಾಲೀಕರಿದ್ದಾರೆ. ನಾವು ಕೇಳುವುದಿಲ್ಲ, ಅವರು ಬರೆಯುವುದಿಲ್ಲ, ಅಷ್ಟೇ.

ಸುಗ್ಗಿಯ ಮಾತೂ ಇದಕ್ಕೆ ಸೇರಿದ್ದೇ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್ ಹೊತ್ತಿಗೆ, ರೊಬಸ್ಟಾ ಜನವರಿಯಿಂದ. ತೋಟಗಳಿಂದ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ, ಅಲ್ಲಿಂದ ಬಂದರಿಗೆ ಲೋಡ್ ಸಾಲುಗಟ್ಟುತ್ತದೆ. ಮುಂಗಾರಿನ ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಎಪಿಎಂಸಿಗೆ ಬರುತ್ತದೆ. ಮೇ ತಿಂಗಳಲ್ಲಿ ಲೀಸ್ ಹಿಡಿದವನು ಸುಗ್ಗಿ ಕಾಣುವ ಮೊದಲೇ ಮಳೆಯನ್ನು ಕಾಣುತ್ತಾನೆ, ಮೊದಲ ಸುಗ್ಗಿಯ ಹಣ ಮಳೆಗಾಲದ ಸಾಲಕ್ಕೆ ಹೋಗುತ್ತದೆ. ಹಿಡಿಯುವುದೇ ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ಹಿಡಿಯಿರಿ.

ಅಪಘಾತವಾದರೆ ನೀವು ಯಾರು?

ಈ ಇಡೀ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು, ಏಕೆಂದರೆ ಇದರ ಬೆಲೆ ತೆರುವವರು ಮನೆಯಲ್ಲಿರುವವರು.

ಸಂಬಳದ ಚಾಲಕ ಕೆಲಸದಲ್ಲಿರುವಾಗ ಗಾಯಗೊಂಡರೆ ಅಥವಾ ಮೃತಪಟ್ಟರೆ ಪರಿಹಾರ ಕೊಡುವ ಹೊಣೆ ಮಾಲೀಕನದು, ಮತ್ತು ಆ ಹೊಣೆಯನ್ನು ಲಾರಿಯ ಕಡ್ಡಾಯ ವಿಮೆ ಹೊರುತ್ತದೆ. ಲಾರಿಯ ನೋಂದಾಯಿತ ಮಾಲೀಕನೇ ಚಾಲಕನಾದರೆ ಅವನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ, 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆ ಮೊತ್ತವನ್ನು ನಿಗದಿ ಮಾಡಿತು. ಆರ್‌ಸಿಯಲ್ಲಿ ಹೆಸರಿಲ್ಲದ ಲೀಸ್‌ದಾರ ಯಾರು? ಅವನಿಗೆ ಸಂಬಳವಿಲ್ಲ, ಆದ್ದರಿಂದ ನೌಕರನಲ್ಲ ಎಂಬ ವಾದ ಬರುತ್ತದೆ. ನೋಂದಣಿ ಇಲ್ಲ, ಆದ್ದರಿಂದ ಮಾಲೀಕನ ವಿಮೆಯೂ ದಕ್ಕುವುದಿಲ್ಲ. 2009ರಲ್ಲಿ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಮಾಲೀಕನಿಂದ ಎರವಲು ಪಡೆದ ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡಿದ್ದ. ವಾಹನ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ನೋಡದೆ ಆಗ ಸಿಗುತ್ತಿದ್ದ, ಮೋಟಾರು ವಾಹನ ಕಾಯ್ದೆಯ 163ಎ ಕಲಮಿನ ಪರಿಹಾರ ಅವನ ಕುಟುಂಬಕ್ಕೆ ಸಿಗುವುದಿಲ್ಲ ಎಂದಿತು ನ್ಯಾಯಾಲಯ. 2020ರಲ್ಲೂ ಅದನ್ನೇ ಮತ್ತೆ ಹೇಳಿತು.

ಇನ್ನೊಂದು ಮುಖವೂ ಇದೆ. ಲೀಸ್ ಕರಾರಿಗೆ ಒಳಪಟ್ಟ ವಾಹನದ ವಿಷಯದಲ್ಲಿ, ಆ ಕರಾರಿನ ಪ್ರಕಾರ ಅದು ಯಾರ ಸ್ವಾಧೀನದಲ್ಲಿದೆಯೋ ಅವರನ್ನೇ ಮಾಲೀಕರೆಂದು ಕಾಯ್ದೆಯ 2ನೇ ಕಲಮಿನ 30ನೇ ವ್ಯಾಖ್ಯಾನ ಕರೆಯುತ್ತದೆ. ಅಂದರೆ ಹೊಣೆ ಬಂದಾಗ ನೀವು ಮಾಲೀಕರು, ಹಕ್ಕು ಕೇಳುವಾಗ ಅಲ್ಲ ಎಂಬ ಸ್ಥಿತಿಗೆ ಕಾಗದಪತ್ರ ಸರಿಯಿಲ್ಲದ ಲೀಸ್ ತಂದು ನಿಲ್ಲಿಸಬಹುದು. ಸರಿಯಾದ ಲೀಸ್ ಆದರೆ ಅದು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಯ ಮೇಲೆಯೇ ನಮೂದಾಗುತ್ತದೆ. ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಬೀರುವಿನಲ್ಲಿ ಇಟ್ಟರೆ ಆ ಕೆಲಸ ಆಗುವುದಿಲ್ಲ.

ನಮೂದು ಮಾಡಿಸಲು ಮಾಲೀಕ ಒಪ್ಪದಿದ್ದರೂ ಲೀಸ್ ಹಿಡಿಯುತ್ತೇನೆ ಎನ್ನುವವರು ಕನಿಷ್ಠ ಪಕ್ಷ ತಮ್ಮ ಹೆಸರಿನಲ್ಲಿ ಪ್ರತ್ಯೇಕ ವೈಯಕ್ತಿಕ ಅಪಘಾತ ವಿಮೆ ಮಾಡಿಸಲೇಬೇಕು. ಪಾಲಿಸಿಯಲ್ಲಿ ಉದ್ಯೋಗ "ಭಾರೀ ವಾಹನ ಚಾಲಕ" ಎಂದು ಸ್ಪಷ್ಟವಾಗಿ ಬರೆಸಿ, ಕಡಿಮೆ ಕಂತಿನ ಆಸೆಗೆ "ವ್ಯಾಪಾರಿ" ಎಂದು ಬರೆಸಬೇಡಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ, ಅದನ್ನು ಎಲ್ಲ ಚಾಲಕರೂ ಮಾಡಿಸಬೇಕು.

ಕಂಪನಿಯ ಕೆಲಸ ಎಂದರೆ ಎಲ್ಲವೂ ಒಂದಲ್ಲ

ಸಂಬಳದ ಕೆಲಸವನ್ನು ನಾನು ಹೊಗಳುವಾಗ ಎರಡು ಲಾರಿ ಇಟ್ಟುಕೊಂಡು ಕೈಗೆ ನಗದು ಕೊಡುವ ಮಾಲೀಕನ ಬಳಿ ದುಡಿಯುವುದನ್ನು ಹೇಳುತ್ತಿಲ್ಲ. ಅಲ್ಲಿ ಲೀಸ್‌ನ ಅಭದ್ರತೆಯೂ ಇದೆ, ಸಂಬಳದ ಮಿತಿಯೂ ಇದೆ. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಪಿಎಫ್ ಕಡ್ಡಾಯ. 15,000 ರೂಪಾಯಿ ವೇತನದ ಮೇಲೆ ನಿಮ್ಮಿಂದ 12 ಶೇಕಡ, ಅಂದರೆ 1,800 ಕಡಿತವಾದರೆ ಕಂಪನಿಯೂ ಅಷ್ಟೇ ಹಾಕುತ್ತದೆ. ಮೇಲಿನ ಲೆಕ್ಕದಲ್ಲಿ ಕಂಪನಿಯ ಕಡೆ ಆ 1,800 ಅನ್ನು ಸೇರಿಸಿಕೊಳ್ಳಿ. ಪಿಎಫ್ ಸದಸ್ಯ ಸೇವೆಯಲ್ಲಿರುವಾಗ ತೀರಿಕೊಂಡರೆ ಅದಕ್ಕೆ ಜೋಡಿಸಿದ ವಿಮೆಯಿಂದ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಪಿಂಚಣಿ ಬೇರೆ. ತಿಂಗಳ ವೇತನ 21,000 ಮೀರದವರಿಗೆ ಇಎಸ್‌ಐ ಎಂಬ ಕಾರ್ಮಿಕರ ವಿಮೆ ಇದ್ದರೆ ಹೆಂಡತಿ ಮಕ್ಕಳ ಆಸ್ಪತ್ರೆ ಖರ್ಚಿಗೂ ಆಸರೆ. ಇದಕ್ಕಾಗಿ ನಿಮ್ಮ ವೇತನದಲ್ಲಿ ಕಡಿತವಾಗುವುದು 0.75 ಶೇಕಡ ಮಾತ್ರ.

ಹಾಗೆಂದು ಕಂಪನಿಗಳ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. ಡೀಸೆಲ್ ಮೈಲೇಜ್ ನಿಗದಿ ಮಾಡಿ, ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುವುದು ಸಾಮಾನ್ಯ ಪದ್ಧತಿ. ಸಮತಟ್ಟಾದ ಶಿರಾ ರಸ್ತೆಗೂ ಶಿರಾಡಿ ಏರುವುದಕ್ಕೂ ಒಂದೇ ಮೈಲೇಜ್ ಇಟ್ಟರೆ ಅದು ಅನ್ಯಾಯ, ಕೆಲಸಕ್ಕೆ ಸೇರುವ ದಿನವೇ ದಾರಿವಾರು ಮೈಲೇಜ್ ಪಟ್ಟಿ ಕೇಳಿ. ಸರಕು ಕಡಿಮೆ ಬಂದರೆ ಯಾರ ತಲೆಗೆ, ಲಾರಿ ಕಾದು ನಿಲ್ಲುವ ಹಾಲ್ಟಿಂಗ್ ದಿನಕ್ಕೆ ಬಾಟಾ ಉಂಟೇ, ಇ–ಚಲನ್ ಬಂದರೆ ಯಾವುದನ್ನು ಯಾರು ಕಟ್ಟಬೇಕು ಎಂಬುದು ಬರವಣಿಗೆಯಲ್ಲಿರಬೇಕು. ಅತಿವೇಗದ ದಂಡ ಚಾಲಕನದಾಗಬಹುದು. ಹೆಚ್ಚು ಭಾರ ಹೇರಿದ ದಂಡ ಹೇರಿಸಿದವರದು. 2019ರ ತಿದ್ದುಪಡಿಯ ಕಾಯ್ದೆಯಲ್ಲಿ ಅದು 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಲೀಸ್‌ನಲ್ಲಿ ಹೇರಿಸಿದವರೂ ನೀವೇ, ಕಟ್ಟುವವರೂ ನೀವೇ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಸೇರುವಾಗ ದೊಡ್ಡ ಮೊತ್ತದ ಮುಂಗಡ ಪಡೆಯಬೇಡಿ ಎಂದು ಪ್ರತಿಯೊಬ್ಬ ಚಾಲಕನಿಗೂ ಹೇಳುತ್ತೇನೆ. ಮುಂಗಡ ತೀರುವವರೆಗೆ ನೀವು ಬೇರೆ ಕಡೆ ಹೋಗಲಾರಿರಿ, ಮೈಲೇಜ್ ಕಡಿತವನ್ನು ಪ್ರಶ್ನಿಸಲೂ ಬಾಯಿ ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಚಾಲಕನ ಬೆಲೆ ಏರುವ ಒಂದು ದಾರಿ ಇದೆ. ಮಂಗಳೂರು–ಬೆಂಗಳೂರು ತೈಲ ಪೈಪ್‌ಲೈನ್ ಹಾಸನದ ಮೂಲಕ ಹೋಗುತ್ತದೆ, ಇಲ್ಲಿಯ ಟರ್ಮಿನಲ್‌ನಿಂದ ಟ್ಯಾಂಕರ್‌ಗಳು ಸುತ್ತಲಿನ ಬಂಕ್‌ಗಳಿಗೆ ಹೊರಡುತ್ತವೆ. ಅಪಾಯಕಾರಿ ಸರಕಿನ ತರಬೇತಿ ಪಡೆದು ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಂಡರೆ ಆ ಕೆಲಸಕ್ಕೆ ಅರ್ಹತೆ ಬರುತ್ತದೆ. 2019ರ ತಿದ್ದುಪಡಿಯಿಂದ ಆ ಪರವಾನಗಿಗೆ ಮೂರು ವರ್ಷದ ಅವಧಿ ಇದೆ. ಮನೆಗೆ ಹತ್ತಿರದ ದಾರಿಗಳಲ್ಲಿ ದುಡಿಯಬೇಕು ಎನ್ನುವವರು ಲೀಸ್‌ನ ಯೋಚನೆಗೆ ಮೊದಲು ಇದನ್ನು ಪ್ರಯತ್ನಿಸಿ ನೋಡಬೇಕು.

ನಿದ್ದೆಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಕಾನೂನಿನ ಪ್ರಕಾರ ದಿನದ ದುಡಿಮೆ 8 ಗಂಟೆ, ಹೆಚ್ಚಿಗೆ ದುಡಿಸಿದರೆ ಎರಡು ಪಟ್ಟು ವೇತನ. ಅದು ರಸ್ತೆಯ ಮೇಲೆ ಎಷ್ಟು ಪಾಲನೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಕಂಪನಿಯ ಚಾಲಕ "ಆಗುವುದಿಲ್ಲ, ಮಲಗಿ ಬೆಳಿಗ್ಗೆ ಹೊರಡುತ್ತೇನೆ" ಎಂದು ಫೋನಿನಲ್ಲಿ ಹೇಳಬಲ್ಲ. ಲೀಸ್‌ದಾರ ಯಾರಿಗೆ ಹೇಳಬೇಕು? ಐದನೇ ತಾರೀಕಿನ ಬಾಡಿಗೆ ಅವನನ್ನು ಎಬ್ಬಿಸುತ್ತದೆ. ಶಿರಾಡಿ ಘಾಟಿಯ ಮಾರನಹಳ್ಳಿ ಇಳಿಜಾರಿನಲ್ಲಿ ಬೆಳಗಿನ ಜಾವ ಕಣ್ಣು ಎಳೆಯುವಾಗ ಆ 50,000 ರೂಪಾಯಿಯ ಯೋಚನೆಯಲ್ಲಿ ಸ್ಟಿಯರಿಂಗ್ ಹಿಡಿದಿರಬೇಕಾದ ಸ್ಥಿತಿ ಯಾರಿಗೂ ಬೇಡ.

ಲೀಸ್ ಯಾರಿಗೆ ಒದಗುತ್ತದೆ

ಲೀಸ್‌ನಲ್ಲಿ ಗೆದ್ದವರನ್ನು ನೋಡಿದ್ದೇನೆ. ಅವರೆಲ್ಲರಿಗೂ ಲಾರಿಗಿಂತ ಮೊದಲು ಲೋಡ್ ಇತ್ತು. ಒಬ್ಬರಿಗೆ ಕ್ಯೂರಿಂಗ್ ವರ್ಕ್ಸ್‌ನ ಸಾಗಣೆ, ಇನ್ನೊಬ್ಬರಿಗೆ ಅರಸೀಕೆರೆ ಕಡೆಯ ತೆಂಗಿನಕಾಯಿ ವ್ಯಾಪಾರಿಯ ಖಾಯಂ ಬಾಡಿಗೆ, ಬರುವಾಗ ಸಿಮೆಂಟೋ ಗೊಬ್ಬರವೋ. ಹಿಂತಿರುಗುವ ಲೋಡಿಗೆ ಬ್ರೋಕರ್ ಬಾಗಿಲಲ್ಲಿ ಎರಡು ದಿನ ಕಾಯುವವನು ಲೀಸ್‌ಗೆ ಇನ್ನೂ ಸಿದ್ಧನಾಗಿಲ್ಲ. ಜೊತೆಗೆ ಮೂರು ತಿಂಗಳ ಲೀಸ್ ಬಾಡಿಗೆಯಷ್ಟು ಹಣ ಕೈಯಲ್ಲಿರಬೇಕು, ಸಾಲದ ಹಣ ಲೆಕ್ಕಕ್ಕಿಲ್ಲ.

ಅಂಥವರು ಕರಾರಿನಲ್ಲಿ ಹಟ ಹಿಡಿದು ಬರೆಸಬೇಕಾದದ್ದು ಇಷ್ಟು. ಎಂಜಿನ್, ಗೇರ್‌ಬಾಕ್ಸ್, ಹೌಸಿಂಗ್ ಕೆಲಸ ಬಂದರೆ ಮಾಲೀಕನದು, ದಿನನಿತ್ಯದ ನಿರ್ವಹಣೆ ಲೀಸ್‌ದಾರನದು. ರಸ್ತೆ ತೆರಿಗೆ, ವಿಮೆ, ಪರ್ಮಿಟ್ ಮಾಲೀಕನದು. ಎಫ್‌ಸಿಯ (ಲಾರಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ) ಖರ್ಚಿನ ಬಗ್ಗೆ ವಿಶೇಷ ಗಮನ ಕೊಡಿ: ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಪೇಂಟ್ ಮತ್ತು ಬಾಡಿ ಕೆಲಸ ಸೇರಿ ಅದು ಸಣ್ಣ ಮೊತ್ತವಲ್ಲ. ನಾನು ಕಂಡಂತೆ ಲೀಸ್‌ಗೆ ಬರುವ ಲಾರಿಗಳು ಹೆಚ್ಚಾಗಿ ಆ ವಯಸ್ಸಿನವೇ. ಲಾರಿ ಕೈಗೆ ಬಂದ ದಿನ ಹತ್ತೂ ಟಯರ್‌ಗಳ ನಂಬರ್ ಮತ್ತು ಸವೆತದ ಫೋಟೊ ತೆಗೆದು ಕರಾರಿಗೆ ಲಗತ್ತಿಸಿ. ಕರಾರು ಹನ್ನೊಂದು ತಿಂಗಳಿಗಿರಲಿ, ಒಂದು ತಿಂಗಳ ನೋಟಿಸಿನಲ್ಲಿ ಇಬ್ಬರೂ ಬಿಡುವಂತಿರಲಿ. ಠೇವಣಿ ಕೊಟ್ಟರೆ ಬ್ಯಾಂಕ್ ಮೂಲಕ ಕೊಡಿ, ವಾಪಸು ಬರುವ ದಿನವನ್ನು ಬರೆಸಿ. ಸಾಗಣೆ ಬಾಡಿಗೆಯ ಹಣ ಮಾಲೀಕನ ಖಾತೆಗೆ ಹೋಗಿ ಅಲ್ಲಿಂದ ನಿಮಗೆ ಬರುವ ಏರ್ಪಾಡು ಬೇಡ.

ಖಾಯಂ ಲೋಡ್ ಇದ್ದು, ಉಳಿತಾಯವೂ ಇರುವವನಿಗೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ತಿಂಗಳಿಗೆ 50,000 ಬಾಡಿಗೆ ಕಟ್ಟಲು ಶಕ್ತಿ ಇದ್ದರೆ ನಿಮ್ಮದೇ ಹೆಸರಿನಲ್ಲಿ ಹಳೆಯ ಲಾರಿ ಕೊಂಡು ಅದೇ ಹಣವನ್ನು ಕಂತಿಗೆ ಏಕೆ ಕಟ್ಟಬಾರದು? ಆರ್‌ಸಿ ನಿಮ್ಮದು, 15 ಲಕ್ಷದ ವಿಮೆ ನಿಮ್ಮದು, ಕೊನೆಗೆ ಮಾರಿದರೂ ಕಬ್ಬಿಣದ ಬೆಲೆಯಾದರೂ ನಿಮ್ಮದು. ಹೊಸ ಲಾರಿಯೇ ಬೇಕೆನ್ನುವವರಿಗೆ, 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಲೀಸ್ ಹಿಡಿದು ಒಂದು ಸುಗ್ಗಿ, ಒಂದು ಮಳೆಗಾಲ ನೋಡಿ ಆಮೇಲೆ ಕೊಳ್ಳುತ್ತೇನೆ ಎನ್ನುವುದಾದರೆ ಅದು ಲೀಸ್‌ನ ಒಳ್ಳೆಯ ಉಪಯೋಗ. ವರ್ಷಗಟ್ಟಲೆ ಅದರಲ್ಲೇ ಉಳಿಯುವುದು ನನಗೆ ಸರಿ ಕಾಣುವುದಿಲ್ಲ.

ಯಾವುದನ್ನೇ ಆರಿಸಿಕೊಂಡರೂ ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ರಾಜ್ಯ ಕಾರ್ಮಿಕ ಇಲಾಖೆಯಡಿ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದೇ 2024ರ ಕಾಯ್ದೆಯ ಮೂಲಕ ಮಂಡಳಿ ರಚನೆಯಾಗಿದೆ. ಆಧಾರ್, ಚಾಲನಾ ಪರವಾನಗಿ ಮತ್ತು ಬ್ಯಾಂಕ್ ಪುಸ್ತಕ ತೆಗೆದುಕೊಂಡು ಹಾಸನದ ಅಥವಾ ಚಿಕ್ಕಮಗಳೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ನೋಂದಣಿಯ ಬಗ್ಗೆ ವಿಚಾರಿಸಿ. ನಾಮಿನಿಯ ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಸಿ, ನೋಂದಣಿ ಕಾರ್ಡನ್ನು ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಇಡದೆ ಮನೆಯಲ್ಲಿ ಹೆಂಡತಿಯ ಕೈಗೆ ಕೊಡಿ.